ವಿಲ್ಲಾ ಅರ್ಜಿಗಳ ಲಿಸ್ಟ್ ಕೊಂಡು ಕೈ ಸುಟ್ಟುಕೊಂಡೆ: ಗೋವಾದಲ್ಲಿ ಕೆಲಸ ಹುಡುಕುವ ನಮ್ಮವರು ಓದಿ

ಮಾಪ್ಸಾ ಹತ್ತಿರ ಕರಾಸವಾಡಾದಲ್ಲಿ ನನ್ನದೊಂದು ಅಲ್ಯೂಮಿನಿಯಂ ಶೆಡ್ ಇದೆ. ಕಿಟಕಿ, ಸ್ಲೈಡಿಂಗ್ ಬಾಗಿಲು, ಸೊಳ್ಳೆ ಜಾಲರಿ ಮಾಡುತ್ತೇವೆ. ಗೋಕಾಕ ಕಡೆಯಿಂದ ಇಲ್ಲಿಗೆ ಬಂದು 14 ವರ್ಷ ಆಯಿತು. ಇಷ್ಟು ವರ್ಷ ಕೆಲಸ ಬಂದದ್ದೆಲ್ಲ ಬಾಯಿಂದ ಬಾಯಿಗೆ. ಗೌಂಡಿ ಹೇಳುತ್ತಿದ್ದ, ನಾನು ಹೋಗಿ ಅಳತೆ ತೆಗೆದುಕೊಳ್ಳುತ್ತಿದ್ದೆ. ಅಷ್ಟೇ.

ಕಳೆದ ವರ್ಷ ಜುಲೈನಲ್ಲಿ ಬುದ್ಧಿ ಕೆಟ್ಟಿತು. ಇಲ್ಲಿಯ ಮಳೆ ಗೊತ್ತಲ್ವಾ, ಸೈಟುಗಳೆಲ್ಲ ಬಂದ್. ನಾಲ್ಕು ಹುಡುಗರಿಗೆ ಸಂಬಳ ಮಾತ್ರ ತಪ್ಪುವುದಿಲ್ಲ. ಸರಿಯಾಗಿ ಆ ಹೊತ್ತಿಗೆ ಒಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಶೆಡ್ಡಿಗೆ ಬಂದ. ಒಳ್ಳೇ ಮಾತುಗಾರ. "ಸಾರ್, ಬಾರ್ದೇಶ್, ಪೆಡ್ಣೆ ತಾಲೂಕಿನಲ್ಲಿ ಬಾಡಿಗೆ ವಿಲ್ಲಾ ಕಟ್ಟಲು ಯಾರ‍್ಯಾರು ಅರ್ಜಿ ಹಾಕಿದ್ದಾರೆ ಅನ್ನುವ ಪೂರ್ತಿ ಲಿಸ್ಟ್ ನಮ್ಮ ಹತ್ತಿರ ಇದೆ. ಕಟ್ಟುವ ಮೊದಲೇ ನೀವು ಪಾರ್ಟಿ ಹತ್ತಿರ ಹೋಗಬಹುದು. ಕಿಟಕಿ ಲೈನಿನಲ್ಲಿ ನಿಮಗೊಬ್ಬರಿಗೇ ಕೊಡುತ್ತೇವೆ" ಅಂದ. ಆಸಗಾಂವ್, ಶಿವೋಲಿ, ಪರ್ರಾ, ಮೋರ್ಜಿಂ, ಮಾಂದ್ರೆ, ಹೀಗೆ ಊರಿನ ಹೆಸರುಗಳು ಪರದೆ ಮೇಲೆ ಉದ್ದಕ್ಕೆ ಹರಿದವು. 140 ಹೆಸರು, ಆರು ತಿಂಗಳಿಗೆ 45,000 ರೂಪಾಯಿ. ನಾನು ಚೌಕಾಸಿ ಕೂಡ ಮಾಡಲಿಲ್ಲ. ತರಕಾರಿ ಕೊಳ್ಳುವಾಗ ಐದು ರೂಪಾಯಿಗೆ ಜಗಳ ಆಡುವವನು ನಾನು!

ಲಿಸ್ಟ್ ಪೂರ್ತಿ ಸುಳ್ಳಾಗಿರಲಿಲ್ಲ, ಮೋಸ ಇದ್ದದ್ದೇ ಅಲ್ಲಿ. ಸರ್ವೆ ನಂಬರ್ ನಿಜ, ಊರು ನಿಜ, ಅರ್ಜಿಯೂ ನಿಜ. ಆದರೆ ಯಾವುದರ ಅರ್ಜಿ? ಅದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೋವಾದಲ್ಲಿ ಮನೆ ಏಳುವ ಮೊದಲು ಕಾಗದ ಎಷ್ಟು ಮೆಟ್ಟಿಲು ಹತ್ತಬೇಕು ಅನ್ನುವುದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯಿತು. ಮೊದಲು ಜಾಗ ರೀಜನಲ್ ಪ್ಲಾನ್ 2021ರಲ್ಲಿ, ಅಂದರೆ ಯಾವ ಜಾಗ ಯಾವುದಕ್ಕೆ ಅಂತ ಗುರುತಿಸಿದ ಸರ್ಕಾರಿ ಪ್ಲಾನಿನಲ್ಲಿ, ಸೆಟ್ಲ್‌ಮೆಂಟ್ ಝೋನ್ (ಮನೆ ಕಟ್ಟಬಹುದಾದ ಜಾಗ) ಆಗಿರಬೇಕು. ತೋಟದ ಝೋನಿನಲ್ಲಿದ್ದರೆ ಬದಲಾಯಿಸಿಕೊಳ್ಳಲು ಅರ್ಜಿ. 1974ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಗೆ 2024ರಲ್ಲಿ 39ಎ ಅಂತ ಒಂದು ಕಲಂ ಸೇರಿಸಿದರು. ಅದರಡಿ ಬಂದ ಅರ್ಜಿಗಳು ಗೆಜೆಟ್‌ನಲ್ಲಿ ಬರುತ್ತವೆ. ಜನ 30 ದಿನದೊಳಗೆ ತಕರಾರು ಹಾಕಬಹುದು. ಇದು ಬರೀ ಝೋನಿನ ಬಣ್ಣ ಬದಲಾಯಿಸುವ ಅರ್ಜಿ. ನಕ್ಷೆ ಇಲ್ಲ, ಮನೆ ಇಲ್ಲ. ಎಷ್ಟೋ ಸಲ ಕಟ್ಟುವ ಯೋಚನೆಯೂ ಇರುವುದಿಲ್ಲ. ಝೋನ್ ಬದಲಾದರೆ ಜಾಗಕ್ಕೆ ರೇಟ್ ಬರುತ್ತದೆ, ಮಾರುತ್ತಾರೆ.

ಆಮೇಲೆ ಕಲೆಕ್ಟರ್ ಕಡೆಯಿಂದ ಸನದ್, ಅಂದರೆ ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಾಯಿಸಲು ನಮ್ಮೂರ ಕಡೆ ಎನ್‌ಎ ಮಾಡಿಸುವುದು ಅನ್ನುತ್ತೇವಲ್ಲ, ಅದು. ಆಮೇಲೆ ಟೌನ್ ಪ್ಲಾನಿಂಗ್ ಆಫೀಸಿನ ಟೆಕ್ನಿಕಲ್ ಕ್ಲಿಯರೆನ್ಸ್. ಆಮೇಲೆ ಪಂಚಾಯಿತಿಯ ಕಟ್ಟಡ ಲೈಸೆನ್ಸ್. ಅದು ಬಂದ ಮೇಲೆ ಪಾಯ, ಪಿಲ್ಲರ್, ಸ್ಲ್ಯಾಬ್, ಗೋಡೆ, ಪ್ಲಾಸ್ಟರ್. ಕಿಟಕಿಯವನ ಪಾಳಿ ಬರುವುದು ಇದೆಲ್ಲ ಆದ ಮೇಲೆ.

ನನ್ನ 140 ಹೆಸರು ಯಾವ ಮೆಟ್ಟಿಲಲ್ಲಿದ್ದವು ಅಂತ ಒಂದು ತಿಂಗಳು ಸ್ಕೂಟರ್ ಓಡಿಸಿ, ಮಳೆಯಲ್ಲಿ ನೆನೆದು ಕಂಡುಕೊಂಡೆ. 58 ಝೋನ್ ಬದಲಾವಣೆಯ ನೋಟಿಸುಗಳು. ಹೋಗಿ ನೋಡಿದರೆ ಗೇರು ಗಿಡ, ಹುಲ್ಲು, ದನ. 31 ಸನದ್ ಅರ್ಜಿಗಳು. 22 ಮನೆ ಆಗಲೇ ಮುಗಿದು ಅತಿಥಿಗಳು ಈಜುಕೊಳದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. 17 ಒಂದೋ ಎರಡು ಸಲ ಬರೆದದ್ದು, ಇಲ್ಲವೇ ಸಿಗಲೇ ಇಲ್ಲ. ನಿಜವಾಗಿ ಕೆಲಸ ನಡೆಯುತ್ತಿದ್ದದ್ದು 12 ಕಡೆ. ಅದರಲ್ಲಿ ಏಳು ಕಡೆ ಕಿಟಕಿ ಕೆಲಸ ಬೇರೆಯವರಿಗೆ ಹೋಗಿತ್ತು.

ಮುಗಿದ 22 ಮನೆ ಲಿಸ್ಟಿಗೆ ಬಂದದ್ದು ಹೇಗೆ ಗೊತ್ತಾ? ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆಯನ್ನು ಟೂರಿಸಂ ಇಲಾಖೆಯಲ್ಲಿ ನೋಂದಾಯಿಸಬೇಕು, 1982ರ ಕಾಯ್ದೆ ಇದೆ. ಮನೆ ತಯಾರಾದ ಮೇಲೆ ಮಾಡುವ ಕೆಲಸ ಅದು. ಆ ಅರ್ಜಿಗಳನ್ನೂ ಇವನು "ಹೊಸ ವಿಲ್ಲಾ" ಅಂತ ಸೇರಿಸಿದ್ದ. ಬೆಡ್‌ಶೀಟ್ ಸಪ್ಲೈ, ಲಾಂಡ್ರಿ, ಪೆಸ್ಟ್ ಕಂಟ್ರೋಲ್ ಮಾಡುವವರಿಗೆ ಅದು ಬಂಗಾರ. ನನಗೇನು ಉಪಯೋಗ, ಕಿಟಕಿ ಕಿತ್ತು ಹೊಸದು ಹಾಕಲೇ?

ಇನ್ನು "ನಿಮಗೊಬ್ಬರಿಗೇ" ಅನ್ನುವ ಮಾತು. ಒಂದು ದಿನ ಶಿವೋಲಿಯ ಒಂದು ಸೈಟಿನ ಗೇಟಿನಲ್ಲಿ ನಿಂತಿದ್ದೆ. ಒಬ್ಬ ಪ್ಲೈವುಡ್‌ನವನು ಬಂದ. ಹಿಂದೆಯೇ ಎಸಿಯವನು. ಆಮೇಲೆ ಕಾಣಕೋಣದಿಂದ ಇನ್ನೊಬ್ಬ ಕಿಟಕಿಯವನು! ಎಲ್ಲರ ಕೈಯಲ್ಲೂ ಅದೇ ಹಾಳೆ. ಊರಿನ ಹೆಸರಲ್ಲಿ ಒಂದು ಅಕ್ಷರ ತಪ್ಪಿತ್ತು, ಎಲ್ಲರದ್ದರಲ್ಲೂ ಅದೇ ತಪ್ಪು. ನಾವು ನಾಲ್ವರೂ ಮುಖ ಮುಖ ನೋಡಿಕೊಂಡು ನಕ್ಕೆವು. ವಾಚ್‌ಮನ್‌ಗೆ ಮಾತ್ರ ನಗು ಬರಲಿಲ್ಲ. "ದಿನಾ ಇದೇ ಆಯ್ತು" ಅಂತ ಗೇಟ್ ಹಾಕಿಕೊಂಡ.

ಫೋನ್ ನಂಬರುಗಳದ್ದು ಬೇರೆ ಕಥೆ. ಮಾಲೀಕರ ನಂಬರ್ ಅಂತ ಇದ್ದದ್ದಕ್ಕೆಲ್ಲ ನನ್ನ ಹುಡುಗ ಕೂತು ಫೋನ್ ಮಾಡಿದ. ಎತ್ತಿದವರು ದೆಹಲಿ, ಮುಂಬೈ, ಬೆಂಗಳೂರಿನವರು. ನಂಬರ್ ಎಲ್ಲಿಂದ ಸಿಕ್ಕಿತು ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬೇಡದ ಮಾರಾಟದ ಕರೆಗಳ ಮೇಲೆ ದೂರು ಕೊಡುವ 1909 ನಂಬರಿಗೆ ಕೆಲವರು ದೂರು ಕೊಟ್ಟರು. ಅದರಿಂದ ನಾನು ಅಂಗಡಿ ಬೋರ್ಡಿನ ಮೇಲೆ ಬರೆಸಿದ, 14 ವರ್ಷದ ಹಳೇ ನಂಬರಿನಿಂದ 15 ದಿನ ಹೊರಗೆ ಕರೆ ಹೋಗಲಿಲ್ಲ. ಹಳೇ ಗಿರಾಕಿಗಳಿಗೆ ಹೆಂಡತಿಯ ಫೋನಿನಿಂದ ಮಾತಾಡಿದೆ. ಸರ್ಕಾರಿ ಕಾಗದದಲ್ಲಿ ಹೆಸರು ಬಂದ ಮಾತ್ರಕ್ಕೆ ಅವರಿಗೆ ಫೋನ್ ಮಾಡಿ ಮಾರುವ ಹಕ್ಕು ನಮಗೆ ಬರುವುದಿಲ್ಲ. ಆ ಹೊತ್ತಿಗೆ ಇದು ತಲೆಗೇ ಬರಲಿಲ್ಲ.

ಇಷ್ಟರಲ್ಲೇ ನಿಂತಿದ್ದರೆ 45,000ಕ್ಕೆ ಮುಗಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಒಂದು ಆರ್ಡರ್ ಸಿಕ್ಕಿತು.

ಆಸಗಾಂವ್ ಆಚೆ ಗುಡ್ಡದ ಇಳಿಜಾರಿನಲ್ಲಿ ನಾಲ್ಕು ವಿಲ್ಲಾ, ನಾಲ್ಕೂ ಒಂದೇ ನಮೂನೆ. ಮಾಲೀಕ ಹೊರಗಿನವನು, ಸೈಟ್ ಮ್ಯಾನೇಜರ್ ಎಲ್ಲ ನೋಡಿಕೊಳ್ಳುತ್ತಿದ್ದ. ಡಿಸೆಂಬರ್ ಸೀಸನ್ನಿಗೆ ಅತಿಥಿಗಳು ಬರಬೇಕು, ಬೇಗ ಮುಗಿಸಿ ಅಂತ ಅವಸರ. 11 ಲಕ್ಷದ ಕೆಲಸ, ಅಡ್ವಾನ್ಸ್ 2 ಲಕ್ಷ. ಲಿಸ್ಟಿನಲ್ಲಿ ಅದರ ಮುಂದೆ "ಮಂಜೂರಾಗಿದೆ" ಅಂತ ಬರೆದು ಒಂದು ನಂಬರನ್ನೂ ಹಾಕಿದ್ದರು. ಸಾಕಲ್ಲ ಅಂದುಕೊಂಡೆ.

ಸೈಟಿನಲ್ಲಿ ಗದಗ ಕಡೆಯ ಒಬ್ಬ ಗೌಂಡಿ ಇದ್ದ. ಮೊದಲ ದಿನವೇ ಚಹಾ ಕುಡಿಯುತ್ತಾ ಹೇಳಿದ: "ಅಣ್ಣಾರ, ಇಲ್ಲಿ ಬೋರ್ಡ್ ಇಲ್ಲ ನೋಡ್ರಿ. ಪಂಚಾಯ್ತಿಯವ್ರು ಒಂದ್ ಸಲ ಬಂದು ಹೋಗ್ಯಾರ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೋರ್ಡ್ ತಗೊಂಡು ಏನು ಮಾಡಲಿ, ನನಗೆ ಬೇಕಾದದ್ದು ಅಳತೆ ಅಂತ ನಕ್ಕೆ.

ಆ ಬೋರ್ಡೇ ಎಲ್ಲ. ಟೆಕ್ನಿಕಲ್ ಕ್ಲಿಯರೆನ್ಸ್ ಕೊಡುವಾಗ ಹಾಕುವ ಷರತ್ತುಗಳಲ್ಲಿ ಅದೂ ಒಂದು: ಸೈಟಿನಲ್ಲಿ ಕಡಿಮೆ ಅಂದರೆ 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಬಿಳಿ ಬೋರ್ಡಿನ ಮೇಲೆ ಕಪ್ಪು ಅಕ್ಷರದಲ್ಲಿ ಬರೆದು ನಿಲ್ಲಿಸಬೇಕು. ಸರಿಯಾದ ಸೈಟಿನಲ್ಲಿ ಸರ್ವೆ ನಂಬರ್, ಕ್ಲಿಯರೆನ್ಸ್ ನಂಬರ್, ಪಂಚಾಯಿತಿ ಲೈಸೆನ್ಸ್ ನಂಬರ್ ಎಲ್ಲ ಅದರ ಮೇಲೆ ಕಾಣುತ್ತವೆ. 45,000 ಕೊಟ್ಟು ಕೊಂಡದ್ದಕ್ಕಿಂತ ಜಾಸ್ತಿ ಮಾಹಿತಿ ರಸ್ತೆ ಬದಿಯಲ್ಲಿ ಪುಕ್ಕಟೆ ನಿಂತಿರುತ್ತದೆ.

ನನ್ನ ಲಿಸ್ಟಿನಲ್ಲಿದ್ದ ನಂಬರ್ ಟೆಕ್ನಿಕಲ್ ಕ್ಲಿಯರೆನ್ಸ್‌ನದು. ಪಂಚಾಯಿತಿ ಲೈಸೆನ್ಸ್ ಬಂದೇ ಇರಲಿಲ್ಲ. ಅದಕ್ಕೆ ಮೊದಲೇ ಕೆಲಸ ಶುರು ಮಾಡಿದ್ದರು. ಸಾಲದ್ದಕ್ಕೆ ಜಾಗ ಸಮ ಮಾಡಲು ಗುಡ್ಡ ಕಡಿದಿದ್ದರು. ಅದೇ ಕಾಯ್ದೆಯ 17ಎ ಕಲಂ ಪ್ರಕಾರ ಅನುಮತಿ ಇಲ್ಲದೆ ಗುಡ್ಡ ಕಡಿಯುವ ಹಾಗಿಲ್ಲ, ತಗ್ಗು ಜಾಗ ತುಂಬುವ ಹಾಗಿಲ್ಲ. ಊರವರು ದೂರು ಕೊಟ್ಟರು. ನವೆಂಬರಿನಲ್ಲಿ ಕೆಲಸ ನಿಲ್ಲಿಸಿ ಅಂತ ನೋಟಿಸ್ ಬಂತು. ಊರವರ ಮೇಲೆ ನನಗೆ ಸಿಟ್ಟಿಲ್ಲ. ಆ ಗುಡ್ಡ ಕಡಿದದ್ದನ್ನು ನಾನೂ ನೋಡಿದ್ದೆ. ಕೆಂಪು ಮಣ್ಣು ಹಸಿ ಗಾಯದ ಹಾಗೆ ಬಾಯಿ ಬಿಟ್ಟಿತ್ತು.

ಅಷ್ಟರಲ್ಲಿ ನಾನು 3,10,000ದ ಸೆಕ್ಷನ್ (ಚೌಕಟ್ಟಿಗೆ ಬೇಕಾದ ಅಲ್ಯೂಮಿನಿಯಂ ಪಟ್ಟಿ) ತಂದಿದ್ದೆ, ಅದರಲ್ಲಿ 1,20,000ದ್ದು ಅಳತೆಗೆ ಕತ್ತರಿಸಿಯೂ ಆಗಿತ್ತು. ಗಾಜಿಗೆ 1,90,000. ಕತ್ತರಿಸದ ಸೆಕ್ಷನ್ ಬೇರೆ ಕೆಲಸಕ್ಕೆ ಹೋಯಿತು. ಕತ್ತರಿಸಿದ್ದನ್ನು ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕಬೇಕು. ಗಾಜು ಅದಕ್ಕಿಂತ ಕೆಟ್ಟದ್ದು. ಟಫನ್ಡ್ ಗಾಜನ್ನು ಒಂದು ಸಲ ಕಾಯಿಸಿ ಗಟ್ಟಿ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ಕತ್ತರಿಸಲು ಹೋದರೆ ಪುಡಿ ಪುಡಿ. ಆ ಅಳತೆಯ ಬಾಗಿಲು ಇನ್ನೊಂದು ಸಿಕ್ಕರೆ ಮಾತ್ರ ಅದಕ್ಕೆ ಬೆಲೆ. ಅಡ್ವಾನ್ಸ್ ಕಳೆದು ಲೆಕ್ಕ ಹಾಕಿದರೆ 1,10,000 ನನ್ನ ಮೈಮೇಲೆ. ಮೇಲಾಗಿ ಆ ಮ್ಯಾನೇಜರ್ ಈಗ ಅಡ್ವಾನ್ಸ್ ವಾಪಸ್ ಕೊಡು ಅನ್ನುತ್ತಿದ್ದಾನೆ. ಕೆಲಸ ನಿಂತದ್ದು ನನ್ನಿಂದಲಾ?

ಲಿಸ್ಟ್ ಮಾರಿದವನಿಗೆ ಫೋನ್ ಮಾಡಿದೆ. "ಸಾರ್, ಮಾಹಿತಿ ಕೊಡುವುದಷ್ಟೇ ನಮ್ಮ ಕೆಲಸ, ಬಿಲ್ಲಿನ ಹಿಂದೆ ಬರೆದಿದೆ ನೋಡಿ" ಅಂದ. ನೋಡಿದೆ, ಬರೆದಿತ್ತು. ಇರುವೆ ಗಾತ್ರದ ಅಕ್ಷರ.

ಅರ್ಜಿಗಳನ್ನು ನೋಡಿ ಕೆಲಸ ಹುಡುಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಈಗಲೂ ನೋಡುತ್ತೇನೆ, ನಾನೇ ಖುದ್ದಾಗಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಮನೆ ಕಟ್ಟಿ ಮಾರುವವರು ರೇರಾದಲ್ಲಿ, ಅಂದರೆ ಬಿಲ್ಡರುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರದಲ್ಲಿ, ನೋಂದಾಯಿಸಲೇಬೇಕು. ಗೋವಾ ರೇರಾದ ಪುಟದಲ್ಲಿ ಬಿಲ್ಡರ್ ಹೆಸರು, ಆರ್ಕಿಟೆಕ್ಟ್ ಹೆಸರು, ಕೆಲಸ ಎಲ್ಲಿಗೆ ಬಂತು ಅನ್ನುವುದೆಲ್ಲ ಯಾರಾದರೂ ನೋಡಬಹುದು, ದುಡ್ಡಿಲ್ಲ. ಪಂಚಾಯಿತಿ ಯಾರಿಗೆ ಲೈಸೆನ್ಸ್ ಕೊಟ್ಟಿದೆ ಅಂತ ತಿಳಿಯಲು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಸಾಕು, 30 ದಿನ ಕಾಯಬೇಕು ಅಷ್ಟೇ. ಕಾಂಪೌಂಡ್ ಕಟ್ಟುವವರು, ಬೋರ್‌ವೆಲ್‌ನವರು ಸನದ್ ಹಂತದಲ್ಲೇ ಮಾತಾಡಿಸಿಡಬಹುದು. ನನ್ನಂಥವರು ಲೈಸೆನ್ಸ್ ತಾರೀಖು ಬರೆದಿಟ್ಟುಕೊಂಡು ಗೋಡೆ ಎದ್ದ ಮೇಲೆ ಹೋದರೆ ಸಾಕು. ಅದೂ ಮಾಲೀಕನಿಗೆ ಫೋನ್ ಮಾಡಿ ಅಲ್ಲ, ಆರ್ಕಿಟೆಕ್ಟ್ ಆಫೀಸಿಗೆ ಸ್ಯಾಂಪಲ್ ತುಂಡು ಹಿಡಿದುಕೊಂಡು.

ಯಾರಾದರೂ ನಿಮಗೂ ಇಂಥ ಲಿಸ್ಟ್ ತಂದರೆ, ಅದರಲ್ಲಿ ಯಾವುದಾದರೂ ಐದು ಹೆಸರು ತೋರಿಸಿ, ಇದು ಝೋನಿನದಾ, ಸನದ್ದಾ, ಕ್ಲಿಯರೆನ್ಸಾ, ಲೈಸೆನ್ಸಾ ಅಂತ ಒಂದೊಂದಾಗಿ ಕೇಳಿ. ದುಡ್ಡು ಕೊಡುವ ಮೊದಲು ಆ ಐದೂ ಜಾಗಕ್ಕೆ ಹೋಗಿ ಬನ್ನಿ. ನಾನು ಕೇಳಿದ್ದರೆ ಅವನು ಅವತ್ತೇ ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋಗುತ್ತಿದ್ದ. ಆರ್ಡರ್ ಸಿಕ್ಕರೂ ಬೋರ್ಡಿನ ಫೋಟೋ, ಲೈಸೆನ್ಸಿನ ಜೆರಾಕ್ಸ್ ಕೈಗೆ ಬರುವ ತನಕ ಗಾಜಿಗೆ ಆರ್ಡರ್ ಹಾಕಬೇಡಿ.

ಆ ಗದಗಿನ ಗೌಂಡಿ ಈಗ ಸಾಳಗಾಂವ್‌ನಲ್ಲಿ ಬೇರೆ ಸೈಟಿನಲ್ಲಿದ್ದಾನೆ. ಮೊನ್ನೆ ಶುಕ್ರವಾರ ಮಾಪ್ಸಾ ಸಂತೆಯಲ್ಲಿ ಸಿಕ್ಕ. "ಅಣ್ಣಾರ, ಈ ಸೈಟ್‌ನ್ಯಾಗ ಬೋರ್ಡ್ ಐತ್ರಿ" ಅಂತ ನಗುತ್ತಾ ಹೇಳಿದ. ಮರುದಿನವೇ ಹೋಗಿ ಅಳತೆ ತಂದೆ.

ಗಾಜು ಇನ್ನೂ ಶೆಡ್ಡಿನ ಗೋಡೆಗೆ ಒರಗಿಕೊಂಡಿದೆ. 8 ಎಂಎಂ ಟಫನ್ಡ್, 7 ಅಡಿ ಎತ್ತರ, 3 ಅಡಿ ಅಗಲ, 48 ತುಂಡು. ಒಂದೊಂದು ಹತ್ತಿರ ಹತ್ತಿರ 40 ಕಿಲೋ. ನಿಮ್ಮ ಯಾವುದಾದರೂ ಕೆಲಸಕ್ಕೆ ಈ ಅಳತೆ ಕೂಡಿದರೆ ಹೇಳಿ, ಅರ್ಧ ರೇಟಿಗೆ ಕೊಡುತ್ತೇನೆ. ಲೈಸೆನ್ಸ್ ಇದ್ದವರಿಗೆ ಮಾತ್ರ.