ಹಳೆ ಲ್ಯಾಪ್‌ಟಾಪ್‌ಗೆ ಕ್ರೂಶಿಯಲ್ 8 ಜಿಬಿ ಡಿಡಿಆರ್4 ರ‍್ಯಾಮ್: ವರ್ಷಗಟ್ಟಲೆ ಬಳಸಿದ ಮೇಲೆ

ಕ್ರೂಶಿಯಲ್‌ನ 8 ಜಿಬಿ ಡಿಡಿಆರ್4-3200 ರ‍್ಯಾಮ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಕೂತು ವರ್ಷಗಳೇ ಆದವು. ಒಮ್ಮೆಯೂ ಕೈಕೊಟ್ಟಿಲ್ಲ. ಪ್ರೊಸೆಸರ್ ಇಂಟೆಲ್ ಐ5-8250ಯು. ಒಂದು ಸ್ಲಾಟ್‌ನಲ್ಲಿ 4 ಜಿಬಿ ಮೊದಲೇ ಇತ್ತು, ಇನ್ನೊಂದು ಖಾಲಿ ಇತ್ತು.

ಎಲ್ಲರೂ ಮೊದಲು ಕೇಳುವುದು ವೇಗದ ಬಗ್ಗೆ. ಪ್ಯಾಕ್ ಮೇಲೆ 3200 ಅಂತ ಇದ್ದರೂ ನನ್ನಲ್ಲಿ ಇದು ಓಡುವುದು 2400ರಲ್ಲಿ. ಈ ಪ್ರೊಸೆಸರ್ ಒಪ್ಪುವ ಡಿಡಿಆರ್4 ವೇಗವೇ ಅಷ್ಟು. ರ‍್ಯಾಮ್ ತಾನಾಗಿಯೇ ಆ ವೇಗಕ್ಕೆ ಇಳಿಯುತ್ತದೆ, ಯಾವ ಸೆಟ್ಟಿಂಗ್ ಮುಟ್ಟುವುದೂ ಬೇಡ. ಆದ್ದರಿಂದ ಹಳೆ ಲ್ಯಾಪ್‌ಟಾಪ್ ಇರುವವರು 3200ಕ್ಕಾಗಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಡಿಡಿಆರ್3, 4, 5 ಎಂಬ ಪೀಳಿಗೆಯ ವಿಷಯದಲ್ಲಿ ಮಾತ್ರ ಈ ಸಲಿಗೆ ಇಲ್ಲ. ಲ್ಯಾಪ್‌ಟಾಪ್ ರ‍್ಯಾಮ್‌ನಲ್ಲಿ ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕಚ್ಚು ಇರುವ ಜಾಗವೂ ಬೇರೆ. ಹಾಗಾಗಿ ಬೇರೆ ಪೀಳಿಗೆಯದು ಸ್ಲಾಟ್‌ಗೆ ಕೂರುವುದೇ ಇಲ್ಲ, ಬಲವಂತ ಮಾಡಬಾರದು. ನಿಜವಾಗಿ ಹುಷಾರಾಗಿರಬೇಕಾದ್ದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಪಿನ್ ಒಂದೇ, ಆಕಾರ ಒಂದೇ, ಆದರೆ ಮೊದಲನೆಯದಕ್ಕೆ 1.5 ವೋಲ್ಟ್, ಎರಡನೆಯದಕ್ಕೆ 1.35. ಎಷ್ಟೋ ಲ್ಯಾಪ್‌ಟಾಪ್‌ಗಳು 1.35 ಮಾತ್ರ ಕೊಡುತ್ತವೆ. ಅಂಥದರಲ್ಲಿ ಬರೀ ಡಿಡಿಆರ್3 ಸರಿಯಾಗಿ ಕೂರುತ್ತದೆ, ಕಂಪ್ಯೂಟರ್ ಮಾತ್ರ ಆನ್ ಆಗದೆ ಹೋಗಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಲೇಬಲ್ ಮೇಲಿನ ಆ 'ಎಲ್' ಅಕ್ಷರವನ್ನು ನೋಡಲೇಬೇಕು.

4 ಮತ್ತು 8 ಜಿಬಿ ಜೊತೆಗೆ ಹಾಕಬಹುದಾ? ನನ್ನಲ್ಲಿ ಚೆನ್ನಾಗಿ ನಡೆದಿದೆ. ಎರಡರಿಂದಲೂ ತಲಾ 4 ಜಿಬಿ ಸೇರಿ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಸಾಗಿಸುತ್ತಾ ವೇಗವಾಗಿ ಓಡುತ್ತದೆ, ಮಿಕ್ಕ 4 ಜಿಬಿ ಒಂದೇ ದಾರಿಯ ಸಿಂಗಲ್ ಚಾನೆಲ್‌ನಲ್ಲಿ. ಇಂಟೆಲ್ ಇದನ್ನು ಫ್ಲೆಕ್ಸ್ ಮೋಡ್ ಅನ್ನುತ್ತದೆ. ನನಗೆ ಸಿಕ್ಕ ದೊಡ್ಡ ಲಾಭ ಇಲ್ಲೇ. ಗ್ರಾಫಿಕ್ಸ್ ಕೂಡ ಇದೇ ಮೆಮೊರಿ ಹಂಚಿಕೊಳ್ಳುವುದರಿಂದ ವಿಡಿಯೋ ಎಡಿಟಿಂಗ್‌ನಲ್ಲಿ ತಡವರಿಕೆ ಕಮ್ಮಿಯಾಯಿತು. ಬ್ರೌಸರ್‌ನಲ್ಲಿ ಟ್ಯಾಬ್ ಬದಲಿಸಿದಾಗಲೆಲ್ಲ ಪುಟ ಮತ್ತೆ ಲೋಡ್ ಆಗುತ್ತಿದ್ದದ್ದು ಪೂರ್ತಿ ನಿಂತಿದೆ.

ಆರ್ಡರ್ ಮಾಡುವ ಮುಂಚೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದು ವೇಗ, ಸ್ಲಾಟ್ ಎಷ್ಟಿವೆ ಎಂದು ನೋಡಿ. ಲ್ಯಾಪ್‌ಟಾಪ್‌ನ ವಿವರಗಳಲ್ಲಿ ಎಲ್‌ಪಿಡಿಡಿಆರ್ (ಕಮ್ಮಿ ವಿದ್ಯುತ್ ಬಳಸುವ ರ‍್ಯಾಮ್) ಅಂತ ಇದ್ದರೆ ಸಾಮಾನ್ಯವಾಗಿ ಅದು ಬೋರ್ಡ್‌ಗೇ ಬೆಸೆದಿರುತ್ತದೆ, ಬದಲಿಸಲು ಆಗುವುದಿಲ್ಲ. ನಾನಂತೂ ಮುಂದೆ ಆ ಹಳೆಯ 4 ಜಿಬಿ ತೆಗೆದು ಇದೇ ಮಾದರಿಯ ಇನ್ನೊಂದು 8 ಜಿಬಿ ಹಾಕುತ್ತೇನೆ. ಆಗ 16 ಜಿಬಿಯೂ ಡ್ಯುಯಲ್ ಚಾನೆಲ್‌ನಲ್ಲೇ ಓಡುತ್ತದೆ.