ಮಂಗಳೂರಿನ ಕಂಕನಾಡಿ ಹತ್ರದ ಲ್ಯಾಬಲ್ಲಿ ಕೀವಿನ ಕಲ್ಚರ್ ಟೆಸ್ಟ್
ಅಮ್ಮನ ಕಾಲಿನ ಕುರು ಎರಡು ಕೋರ್ಸ್ ಆ್ಯಂಟಿಬಯೋಟಿಕ್ ಮುಗಿದ್ರೂ ಒಣಗ್ಲಿಲ್ಲ, ಮೊದ್ಲು ಹೋದ ಕ್ಲಿನಿಕ್ಕಲ್ಲಿ ಕಲ್ಚರ್ (ಕೀವಿನ ಬ್ಯಾಕ್ಟೀರಿಯಾ ಬೆಳೆಸಿ ಯಾವ ಮದ್ದು ಹಿಡೀತದೆ ಅಂತ ನೋಡುದು) ಮಾಡ್ಸಿ ಅಂತ ಒಬ್ರೂ ಹೇಳ್ಲಿಲ್ಲ, ಕೊನೆಗೆ ಈ ಲ್ಯಾಬಿಗೆ ಕೀವು ಕೊಟ್ಟು ಬಂದದ್ದು. ಮೂರನೇ ದಿನ ರಿಪೋರ್ಟ್, ಎಂಆರ್‌ಎಸ್‌ಎ, ಅಂದ್ರೆ ಪೆನಿಸಿಲಿನ್ ಜಾತಿಯ ಮದ್ದಿಗೆ ಬಗ್ಗದ ಸ್ಟ್ಯಾಫ್ ಬ್ಯಾಕ್ಟೀರಿಯಾ. ಅಲ್ಲಿಯ ಮೇಡಂ ಪ್ಲೇಟೇ ತೋರ್ಸಿದ್ರು ಮಾರಾಯ್ರೆ, ಸೆಫಾಕ್ಸಿಟಿನ್ ಅನ್ನೋ ಆ್ಯಂಟಿಬಯೋಟಿಕ್ ಹಾಕಿದ ಬಿಲ್ಲೆಯ ಒತ್ತಿಗೇ ಬ್ಯಾಕ್ಟೀರಿಯಾ ದಟ್ಟ ಬೆಳ್ದಿತ್ತು, ಕ್ಲಿಂಡಾಮೈಸಿನ್ ಬಿಲ್ಲೆಯ ಸುತ್ತ ಮಾತ್ರ ಖಾಲಿ ಉಂಗುರ, ಅಂದ್ರೆ ಆ ಮದ್ದು ಹಿಡೀತದೆ. ಸಾಮಾನ್ಯವಾಗಿ ಮೆಕ್‌ಎ ಅನ್ನೋ ಜೀನಿನಿಂದಾಗಿ ಪೆನಿಸಿಲಿನ್ ಜಾತಿಯ ಮದ್ದು ನಾಟುದಿಲ್ಲವಂತೆ, ಆದ್ರೆ ಆ ಜೀನ್ ಹೊತ್ತ ಡಿಎನ್‌ಎ ತುಂಡಲ್ಲೇ ಹಲವು ನಮೂನೆ ಉಂಟು, ಆಸ್ಪತ್ರೆಯ ತಳಿ ಬೇರೆ, ಊರಲ್ಲಿ ಹರಡುವ ತಳಿ ಬೇರೆ, ಅದಕ್ಕೇ ಒಬ್ರಿಗೆ ಹಿಡಿದ ಮದ್ದು ಇನ್ನೊಬ್ರಿಗೆ ಹಿಡೀಲಿಕ್ಕಿಲ್ಲ ಅಂತ ನಿಧಾನಕ್ಕೆ ಬಿಡಿಸಿ ಹೇಳಿದ್ರು. ಪಾರ್ಕಿಂಗ್ ಕಷ್ಟ. ಗಾಯ ಈಗ ಒಣಗ್ತಾ ಉಂಟು.