ಆಧಾರ್ ಅಲ್ಲವಂತೆ, ಆಧಾರವಂತೆ: ಜೆರಾಕ್ಸ್ ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಮೂರು ಪುಟಾಣಿ ಅನುವಾದ ಮಾದರಿಗಳು

ಕಾಸರಗೋಡಿನ ಬದಿಯಡ್ಕದಿಂದ ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಒಂದು ರಬ್ಬರ್ ತೋಟ ಉಂಟು. ಗೇಟಿನಲ್ಲಿ ಮಲಯಾಳದ ಬೋರ್ಡು. ಕಳೆದ ಮಳೆಗಾಲದಲ್ಲಿ ಪುತ್ತೂರಿನ ಭಾವ ಬಂದಿದ್ದಾಗ ಅದರಲ್ಲಿ ಎಂತ ಬರೆದಿದೆ ಎಂದು ಕೇಳಿದರು. ಇದ್ದ ಹಾಗೆ ಓದಿದೆ: ‘ಅನುವಾದಂ ಇಲ್ಲಾತೆ ಪ್ರವೇಶಿಕ್ಕರುತ್.’ ಭಾವ ನಿಂತಲ್ಲೇ ನಕ್ಕರು. “ಅನುವಾದ ಇಲ್ಲದೆ ಒಳಗೆ ಹೋಗಬಾರದಾ? ರಬ್ಬರ್ ಕಡಿಯುವವರಿಗೂ ಪರೀಕ್ಷೆ ಉಂಟಾ ಮಾರಾಯ?”

ಮಲಯಾಳದಲ್ಲಿ ಅನುವಾದಂ ಅಂದರೆ ಅನುಮತಿ. ನಮಗೆ ಇಲ್ಲಿ ಇದು ದಿನದ ಪಾಡು. ಅಪೇಕ್ಷ ಅಂದರೆ ಅರ್ಜಿ, ಅವಕಾಶಂ ಅಂದರೆ ಹಕ್ಕು, ಪ್ರಸಂಗಂ ಅಂದರೆ ಭಾಷಣ. ಯಕ್ಷಗಾನದ ಪ್ರಸಂಗ ಎಂದುಕೊಂಡು ಹೋದರೆ ಮೈಕಿನ ಮುಂದೆ ಯಾರೋ ರಾಜಕೀಯ ಮಾತಾಡುತ್ತಿರುತ್ತಾರೆ.

ನನ್ನದು ಜೆರಾಕ್ಸ್, ಡಿಟಿಪಿ, ಅರ್ಜಿ ಬರೆಯುವ ಸಣ್ಣ ಅಂಗಡಿ. ಬರುವವರಲ್ಲಿ ಅರ್ಧ ಜನಕ್ಕೆ ಬೇಕಾಗುವುದು ಜೆರಾಕ್ಸ್ ಅಲ್ಲ, “ಅಣ್ಣಾ, ಇದರಲ್ಲಿ ಎಂತ ಬರೆದಿದ್ದಾರೆ, ಒಮ್ಮೆ ನೋಡಿ ಹೇಳಿ” ಅನ್ನುವ ಸೇವೆ. 1956ರ ನವೆಂಬರ್ ಒಂದರಿಂದ ನಮ್ಮೂರು ಕೇರಳದ್ದು, ಈಗ ನಮ್ಮ ಕಾಗದಗಳ ಭಾಷೆ ಮಲಯಾಳ. ನಾನು ಓದಿದ್ದು ಕನ್ನಡ ಮಾಧ್ಯಮ. ಮಲಯಾಳ ಕಲಿತದ್ದು ಬಸ್ಸಿನ ಬೋರ್ಡು ಮತ್ತು ಸಿನಿಮಾದಿಂದ. ಪೇಟೆಯ ಮಾತು ನೀರು ಕುಡಿದ ಹಾಗೆ ಬರುತ್ತದೆ, ಆಫೀಸಿನ ಮಲಯಾಳ ಬಂದಾಗ ನಾನೂ ಕನ್ನಡಕ ಒರೆಸಿಕೊಳ್ಳುತ್ತೇನೆ.

ಹಾಗಾಗಿ ಯಂತ್ರದ ಸಹಾಯ. ನೆಟ್ ಮೇಲೆ ನಡೆಯುವಂಥದ್ದು ನೆಟ್ ಇದ್ದಷ್ಟು ಹೊತ್ತು ಚಂದ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಮೊದಲು ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಜನ ಕೊಡುವುದು ಜಾಗದ ದಾಖಲೆ, ಬ್ಯಾಂಕಿನ ಪತ್ರ, ಆಸ್ಪತ್ರೆಯ ಚೀಟಿ. ಅದನ್ನೆಲ್ಲ ಎಲ್ಲಿಯದೋ ಸರ್ವರಿಗೆ ಕಳಿಸಲು ಮನಸ್ಸಾಗಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲೇ ಕೂತು ಕೆಲಸ ಮಾಡುವ ಮಾದರಿ, ಅಂದರೆ ಅನುವಾದ ಕಲಿತ ಸಾಫ್ಟ್‌ವೇರ್, ಬೇಕಿತ್ತು. ಲ್ಯಾಪ್‌ಟಾಪ್ ಹಳೆಯದು. 8 ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಳಿಯ ಎರಡು ಭಾನುವಾರ ಕೂತು ಮೂರು ಮಾದರಿಗಳನ್ನು ಹಾಕಿಕೊಟ್ಟ. ಹಾಕುವುದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕು, ತಾಳ್ಮೆ ಬೇಕು, ಊಟಕ್ಕೆ ಕೋಳಿ ಸುಕ್ಕ ಮಾಡಿ ಹಾಕುವ ಅತ್ತೆಯೂ ಬೇಕು.

ಮೊದಲನೆಯದು ಸ್ಮಾಲ್-100. ನೇವರ್ ಲ್ಯಾಬ್ಸ್ ಯುರೋಪ್‌ನವರದ್ದು, 2022ರದ್ದು. ಮೆಟಾದವರ ಎಂ2ಎಂ-100 ಎಂಬ ದೊಡ್ಡ ಮಾದರಿಯನ್ನು ನೋಡಿ ಕಲಿತ ಮರಿ. ನೂರು ಭಾಷೆ, 33 ಕೋಟಿ ಅಂಕಿಗಳು. ಮಾದರಿ ಅಂದರೆ ಒಳಗಿರುವುದು ಅಂಕಿಗಳೇ, ಬೇರೇನಿಲ್ಲ. ಎರಡನೆಯದು ಮೆಟಾದ ಎನ್‌ಎಲ್‌ಎಲ್‌ಬಿ-200, ಅದೂ 2022ರದ್ದೇ. ಇನ್ನೂರು ಭಾಷೆ. ಇದರ ದೊಡ್ಡಣ್ಣನಿಗೆ 5,450 ಕೋಟಿ ಅಂಕಿ, ಅದು ನಮ್ಮ ಲ್ಯಾಪ್‌ಟಾಪಿಗೆ ಆಗುವ ಮಾತಲ್ಲ. ಅದರಿಂದ ಕಲಿತ ತಮ್ಮನಿಗೆ 60 ಕೋಟಿ. ಮೂರನೆಯದು ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಟ್ರಾನ್ಸ್2. 2023ರದ್ದು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳು. ಭಾರತದ ಒಂದು ಭಾಷೆಯಿಂದ ಇನ್ನೊಂದಕ್ಕೆ ನೇರ ಹೋಗುವ ಸಣ್ಣ ಮಾದರಿಗೆ 32 ಕೋಟಿ.

60 ಕೋಟಿ ಅಂಕಿ ಎಂದರೆ ಡಿಸ್ಕಿನಲ್ಲಿ ಸುಮಾರು 2.4 ಜಿಬಿ. ಅಳಿಯ ಸಿಟ್ರಾನ್ಸ್‌ಲೇಟ್2 ಎಂಬ ಸಾಧನ ಹಾಕಿ ಅದನ್ನು 600 ಎಂಬಿಯ ಹತ್ತಿರ ತಂದ. “ಮಾವ, ಒಂದೊಂದು ಅಂಕಿಗೆ 32 ಬಿಟ್ ಇದ್ದದ್ದನ್ನು 8ಕ್ಕೆ ಇಳಿಸಿದೆ, ಅಷ್ಟೆ.” ಅಡಿಕೆ ತೂಗುವಾಗ ಗ್ರಾಮಿನ ಲೆಕ್ಕ ಬಿಟ್ಟು ಐವತ್ತು ಗ್ರಾಮಿಗೊಂದು ಗೆರೆ ಇರುವ ತಕ್ಕಡಿ ಇಟ್ಟ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಸ್ವಲ್ಪ ನಷ್ಟ ಇದ್ದೇ ಇದೆ. ಆ ಕಾರಣಕ್ಕೇ ಮುಂದೆ ಹೇಳುವ ತಪ್ಪುಗಳಲ್ಲಿ ಯಾವುದು ಯಾವ ಮಾದರಿಯದ್ದು ಎಂದು ಹೆಸರು ಹಿಡಿಯುವುದಿಲ್ಲ. ಕುಗ್ಗಿಸಿದ್ದು ನಾವು, ಗೂಬೆ ಕೂರಿಸುವುದು ಅವರ ಮೇಲೆ ಬೇಡ.

ಲೆಕ್ಕ ಹಾಕುವಾಗ ಒಂದು ಸಂಗತಿ ನೋಡಿ ಆಶ್ಚರ್ಯವಾಯಿತು. ಎನ್‌ಎಲ್‌ಎಲ್‌ಬಿಯ ಶಬ್ದದ ತುಂಡುಗಳ ಪಟ್ಟಿಯಲ್ಲಿ ಸುಮಾರು 2.56 ಲಕ್ಷ ತುಂಡುಗಳಿವೆ. ಇನ್ನೂರು ಭಾಷೆ ಅಂದಮೇಲೆ ಬೇಕಲ್ವಾ. ಒಂದೊಂದು ತುಂಡಿಗೂ 1,024 ಅಂಕಿ. ಗುಣಿಸಿ ನೋಡಿ, 26 ಕೋಟಿ ದಾಟುತ್ತದೆ. ಇರುವ 60 ಕೋಟಿಯಲ್ಲಿ 26 ಪಟ್ಟಿಗೇ ಹೋಯಿತು. ಉಳಿದದ್ದರಲ್ಲಿ ಇನ್ನೂರು ಭಾಷೆಯ ವ್ಯಾಕರಣ, ಬುದ್ಧಿ ಎಲ್ಲ ನಡೆಯಬೇಕು. ನನ್ನ ಅಂಗಡಿಯಲ್ಲಿ ಕಪಾಟೇ ಅರ್ಧ ಜಾಗ ತಿಂದು, ಗಿರಾಕಿ ಮೆಟ್ಟಿಲಲ್ಲಿ ನಿಲ್ಲುವ ಹಾಗೆ. ಇಪ್ಪತ್ತೆರಡೇ ಭಾಷೆ ಇಟ್ಟುಕೊಂಡವರಿಗೆ ಈ ತಲೆನೋವು ಕಡಿಮೆ. ಇಂಡಿಕ್‌ಟ್ರಾನ್ಸ್2ನವರು ಇನ್ನೂ ಒಂದು ಉಪಾಯ ಮಾಡಿದ್ದಾರೆ. ಕನ್ನಡ, ಮಲಯಾಳ ಲಿಪಿಗಳನ್ನೆಲ್ಲ ಒಳಗೆ ದೇವನಾಗರಿಗೆ ತಿರುಗಿಸಿಕೊಂಡು ಕೆಲಸ ಮಾಡಿ, ಹೊರಗೆ ಬರುವಾಗ ಮತ್ತೆ ನಮ್ಮ ಲಿಪಿ ಕೊಡುತ್ತದೆ. ಎರಡು ಭಾಷೆಗೂ ಇರುವ ಶಬ್ದ ಒಂದೇ ಕಪಾಟಿನಲ್ಲಿ ಕೂರುತ್ತದೆ.

ಹಾಗಾದರೆ ‘ಅನುವಾದಂ’ನಂಥ ಶಬ್ದದಲ್ಲಿ ಇದು ಬಿದ್ದೇ ಬೀಳುತ್ತದೆ ಎಂದು ನನಗೊಂದು ಕೆಟ್ಟ ಆಸೆ. ಮೊದಲ ಪರೀಕ್ಷೆಗೆ ರಬ್ಬರ್ ತೋಟದ ಬೋರ್ಡನ್ನೇ ಹಾಕಿದೆ. ಬೀಳಲಿಲ್ಲ. ಮೂರೂ ‘ಅನುಮತಿ’ ಎಂದವು. ಆಮೇಲೆ ಮಳೆಗಾಲದ ಮೆಸೇಜ್: ನಾಳೆ ವಿದ್ಯಾಲಯಗಳಿಗೆ ಅವಧಿ. ಕಲೆಕ್ಟರ್ ಅವಧಿ ಕೊಟ್ಟರು ಅಂದರೆ ರಜೆ ಕೊಟ್ಟರು ಎಂದರ್ಥ. ಇಲ್ಲಿನ ಕನ್ನಡ ಮಕ್ಕಳು ಮಲಯಾಳದಲ್ಲಿ ಎಲ್ಲಕ್ಕಿಂತ ಮೊದಲು ಕಲಿಯುವ ಶಬ್ದ ಅದು. ಮೂರೂ ‘ರಜೆ’ ಎಂದವು. ಭಾವನಿಗಿಂತ ಯಂತ್ರ ಬುದ್ಧಿವಂತ ಎಂದು ಮನೆಯಲ್ಲಿ ಹೇಳಿಕೊಂಡು ನಕ್ಕೆವು.

ಆ ನಗು ಎರಡು ವಾರ ಇತ್ತು.

ಜುಲೈಯ ಒಂದು ಬೆಳಿಗ್ಗೆ ಪಕ್ಕದ ಊರಿನ ಅಕ್ಕ ಒಬ್ಬರು ಕಾಗದ ತಂದರು. ಒಂದು ಆಫೀಸಿನಿಂದ ಬಂದದ್ದು. 15 ದಿವಸದೊಳಗೆ ‘ಆಧಾರತ್ತಿನ್ಟೆ ಪಗರ್ಪ್ಪ್’ ಮತ್ತು ತೆರಿಗೆ ಕಟ್ಟಿದ ರಶೀದಿ ಹಾಜರು ಮಾಡಬೇಕು ಎಂದಿತ್ತು. ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ. ಬಾಗಿಲಲ್ಲಿ ಇನ್ನೂ ನಾಲ್ಕು ಜನ. ಕಾಗದದ ಸಾಲುಗಳನ್ನು ಮಲಯಾಳದಲ್ಲಿ ಟೈಪ್ ಮಾಡಿ, ಬಂದ ಕನ್ನಡವನ್ನು ಹಾಗೇ ಓದಿ ಹೇಳಿದೆ: ಆಧಾರ್ ಪ್ರತಿ, ತೆರಿಗೆ ರಶೀದಿ. ಅಷ್ಟು ನಯವಾದ ವಾಕ್ಯ, ಕಣ್ಣು ಎಲ್ಲೂ ನಿಲ್ಲಲಿಲ್ಲ. ಕರೆಂಟ್ ಬಂದ ಮೇಲೆ ಅಕ್ಕ ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ಮಾಡಿಸಿಕೊಂಡು ಬಸ್ ಹತ್ತಿದರು. ಸಂಜೆ ನಾಲ್ಕೂವರೆಗೆ ಒದ್ದೆ ಕೊಡೆ ಹಿಡಿದು ವಾಪಸ್ ಬಂದರು. ಸಿಟ್ಟೂ ಮಾಡಲಿಲ್ಲ.

“ಅಣ್ಣಾ, ಅವರಿಗೆ ಬೇಕಾದ್ದು ಆಧಾರ್ ಅಲ್ಲವಂತೆ. ಆಧಾರವಂತೆ.”

ಮಲಯಾಳದಲ್ಲಿ ಆಧಾರಂ ಅಂದರೆ ಜಾಗದ ಕ್ರಯಪತ್ರ, ರಿಜಿಸ್ಟರ್ ಆದ ದಸ್ತಾವೇಜು. ನನಗೆ ಗೊತ್ತಿಲ್ಲದ್ದಲ್ಲ. ಆಧಾರಂ ಬರೆಯುವವರ ಬೋರ್ಡು ನಮ್ಮ ಪೇಟೆಗಳಲ್ಲಿ ಎಲ್ಲೆಲ್ಲೂ ಉಂಟು. ಕಾಗದವನ್ನೇ ಓದಿದ್ದರೆ ತಪ್ಪುತ್ತಿರಲಿಲ್ಲ, ಪರದೆಯನ್ನು ಓದಿದ್ದಕ್ಕೆ ತಪ್ಪಿದೆ. ಬಸ್ಸಿನ ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಅಂದು ರಾತ್ರಿ ಅಂಗಡಿಗೆ ಬರುವ ಶಬ್ದಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಪೇಪರಿನಲ್ಲಿ, ಟಿವಿಯಲ್ಲಿ ದಿನಾ ಬರುವ ಶಬ್ದ ಈ ಮಾದರಿಗಳಿಗೆ ಚೆನ್ನಾಗಿ ಗೊತ್ತು. ಕಲಿತದ್ದು ಬಹುಪಾಲು ಅಂಥ ಬರಹದಿಂದಲೇ. ರಜೆಯ ‘ಅವಧಿ’ಯನ್ನು ಸಾವಿರ ಸಲ ನೋಡಿರುತ್ತವೆ. ಜಾಗದ ಕಾಗದ ನೋಡಿರುವುದಿಲ್ಲ. ಉದಾಹರಣೆಗೆ ‘ಪೋಕ್ಕುವರವ್’. ಜಾಗ ಮಾರಿದ ಮೇಲೆ ದಾಖಲೆಯಲ್ಲಿ ಹೆಸರು ಬದಲಿಸುವ ಕೆಲಸ. ಒಂದು ಮಾದರಿ ‘ಹೋಗಿ ಬರುವಿಕೆ’ ಎಂದಿತು. ಅಕ್ಷರಕ್ಕೆ ಅಕ್ಷರ ಸರಿ, ಗಿರಾಕಿಗೆ ಹೇಳಿದರೆ ಎಲ್ಲಿಗೆ ಎಂದು ಕೇಳಿಯಾರು. ಇನ್ನೊಂದು ‘ಸಂಚಾರ’ ಎಂದಿತು. ಮೂರನೆಯದು ಏನೂ ತೋಚದೆ ‘ಪೋಕ್ಕುವರವು’ ಎಂದು ಕನ್ನಡ ಅಕ್ಷರದಲ್ಲಿ ಬರೆದು ಸುಮ್ಮನಾಯಿತು.

ಅದೇ ಸರಿಯಾದ ಉತ್ತರ! ನಮ್ಮಲ್ಲಿ ಅಜ್ಜಿಯಂದಿರೂ ‘ಪೋಕುವರವು ಆಗಿಲ್ಲ’ ಎಂದೇ ಹೇಳುವುದು. ಗಡಿಯ ಆಚೆ ವಿಟ್ಲದಲ್ಲಿ ಖಾತೆ ಬದಲಾವಣೆ ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ, ಇಲ್ಲಿ ಹಾಗೆ ಹೇಳಿದರೆ ಬ್ಯಾಂಕಿನ ಖಾತೆಯಾ ಎನ್ನುತ್ತಾರೆ. ಬೆಂಗಳೂರಿನ ಕನ್ನಡಕ್ಕೆ ತಪ್ಪಾದದ್ದು ನಮ್ಮ ಕನ್ನಡಕ್ಕೆ ಸರಿ ಆಗಿರುತ್ತದೆ. ಇದನ್ನು ಯಾವ ಪರೀಕ್ಷೆಯ ಮಾರ್ಕಿನಲ್ಲಿ ಹಾಕುತ್ತಾರೋ.

ಮರ್ಯಾದೆಯ ವಿಷಯ ಇನ್ನೊಂದು. ಮಲಯಾಳದಲ್ಲಿ ‘ವನ್ನು’ ಅಂದರೆ ಮುಗಿಯಿತು. ಬಂದದ್ದು ಗಂಡಸೋ ಹೆಂಗಸೋ ದೊಡ್ಡವರೋ ದನವೋ, ಕ್ರಿಯಾಪದದಲ್ಲಿ ಗೊತ್ತಾಗುವುದಿಲ್ಲ. ಕನ್ನಡಕ್ಕೆ ಬಂದನು, ಬಂದಳು, ಬಂದರು, ಬಂತು, ಒಂದನ್ನು ಆರಿಸಲೇಬೇಕು. ಇಲ್ಲದ್ದನ್ನು ಹುಟ್ಟಿಸಬೇಕಾದ ಕೆಲಸ. ‘ಡಾಕ್ಟರ್ ವನ್ನು, ನರ್ಸ್ ವನ್ನು’ ಎಂದು ಕೊಟ್ಟೆ. ಡಾಕ್ಟರ್ ಬಂದರು, ನರ್ಸ್ ಬಂದಳು ಎಂದು ಬಂತು. ನರ್ಸ್ ಆಗಿರುವ ತಂಗಿಗೆ ತೋರಿಸಿದೆ, ಅವಳು ಮಾತಾಡದೆ ಚಹಾದ ಲೋಟ ಎತ್ತಿಕೊಂಡು ಹೋದಳು. ಕಲಿಯಲು ಸಿಗುವ ವಾಕ್ಯಜೋಡಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಜೊತೆಯವು. ನಡುವೆ ‘ಯೂ’ ಇದ್ದರೆ ಮರ್ಯಾದೆ ಅಲ್ಲೇ ಉದುರಿಹೋಗುತ್ತದೆ. ನಿವೃತ್ತ ಮಾಸ್ಟ್ರು ಒಬ್ಬರ ನೋಟಿಸಿನಲ್ಲಿ ‘ತಾಂಕಳ್’ ಎಂದು ಗೌರವದಲ್ಲೇ ಇತ್ತು. ಪ್ರಿಂಟಿನಲ್ಲಿ ಬಂದದ್ದು ‘ನೀನು ಹಾಜರಾಗಬೇಕು’. “ಎಂತದು, ನನ್ನನ್ನು ನೀನು ಎನ್ನುತ್ತಾರಾ?” ಎಂದು ಮಾಸ್ಟ್ರು ಕೆಂಪಾದರು. ಬೈದದ್ದು ಆಫೀಸಲ್ಲ ಮಾಸ್ಟ್ರೇ, ನನ್ನ ಲ್ಯಾಪ್‌ಟಾಪು ಎಂದು ಸಮಾಧಾನ ಮಾಡಬೇಕಾಯಿತು.

ಉದ್ದ ವಾಕ್ಯಗಳ ಕತೆಯೂ ಕಷ್ಟವೇ. ಆಫೀಸಿನ ಮಲಯಾಳ ಐದು ಸಾಲಿಗೊಂದು ಪೂರ್ಣವಿರಾಮ. ಸಣ್ಣ ಮಾದರಿ ತಲೆ, ಬಾಲ ಹಿಡಿದುಕೊಂಡು ನಡುವಿನದ್ದನ್ನು ನುಂಗುತ್ತದೆ. ನಾನೇ ತುಂಡು ಮಾಡಿ ಕೊಟ್ಟರೆ ಚೆನ್ನಾಗಿ ಬರುತ್ತದೆ. ತುಂಡು ಮಾಡಲು ಮಲಯಾಳ ಗೊತ್ತಿರಬೇಕು. ಗೊತ್ತಿದ್ದರೆ ಇದೆಲ್ಲ ಯಾಕೆ ಎಂದು ಹೆಂಡತಿ ಕೇಳುತ್ತಾಳೆ. ಹಳೆಯ ಪಿಡಿಎಫ್‌ಗಳದ್ದು ಬೇರೆಯೇ ರಗಳೆ. ನಮ್ಮ ಹಳೆಯ ನುಡಿ ಫೈಲಿನ ಹಾಗೆ ಅಲ್ಲಿಯೂ ಯೂನಿಕೋಡ್ ಅಲ್ಲದ ಫಾಂಟುಗಳು, ಕಾಪಿ ಮಾಡಿದರೆ ಬರೇ ಕಸ.

ಲೈಸೆನ್ಸ್ ನೋಡದೆ ಅಂಗಡಿಯಲ್ಲಿ ಬಳಸಬೇಡಿ. ಎನ್‌ಎಲ್‌ಎಲ್‌ಬಿ ವ್ಯಾಪಾರಕ್ಕಲ್ಲ. ಕಾನೂನು, ವೈದ್ಯಕೀಯ ಬರಹಕ್ಕೆ ಇದು ಮಾಡಿದ್ದಲ್ಲ, ದೃಢೀಕೃತ ಅನುವಾದ ಎಂದು ಬಳಸುವ ಹಾಗಿಲ್ಲ ಎಂದು ಮಾದರಿಯ ವಿವರದಲ್ಲೇ ಬರೆದಿದ್ದಾರೆ. ಹತ್ತು ರೂಪಾಯಿ ತೆಗೆದುಕೊಂಡರೂ ವ್ಯಾಪಾರವೇ ಅಲ್ವಾ, ಹಾಗಾಗಿ ಅದು ಮನೆಯಲ್ಲಿ, ಮಗಳ ಶಾಲೆಯ ಮೆಸೇಜ್ ಓದಲಿಕ್ಕೆ. ಅಂಗಡಿಯಲ್ಲಿ ಉಳಿದದ್ದು ಇಂಡಿಕ್‌ಟ್ರಾನ್ಸ್2. ಎಂಐಟಿ ಲೈಸೆನ್ಸ್, ತಕರಾರಿಲ್ಲ. ಸಾಧಾರಣ ಉದ್ದದ ವಾಕ್ಯಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಸೆಕೆಂಡ್. ಕಾಗದದಲ್ಲಿ ಯಾವ ವಿಷಯ ಎಂದು ತಿಳಿಯಲು ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಆಫೀಸಿಗೆ ಹೋಗುವ ಕಾಗದ ಬರೆಯಲು ಮೂರರಲ್ಲಿ ಯಾವುದಕ್ಕೂ ಒಂದಕ್ಕಿಂತ ಜಾಸ್ತಿ ಇಲ್ಲ.

ತುಳು ಮೂರರಲ್ಲೂ ಇಲ್ಲ. ಇನ್ನೂರು ಭಾಷೆ ಎಂದು ಹೇಳಿಕೊಂಡದ್ದರಲ್ಲೂ ಇಲ್ಲ. ನನ್ನ ಅಂಗಡಿಯ ಬಾಗಿಲಲ್ಲಿ ಜಾಸ್ತಿ ಕೇಳುವ ಭಾಷೆ ಅದೇ. ಬ್ಯಾರಿ ಭಾಷೆಯ ಮಾತೇ ಬೇಡ. ಕೊಂಕಣಿ ಇಂಡಿಕ್‌ಟ್ರಾನ್ಸ್2ರಲ್ಲಿ ಉಂಟು, ಆದರೆ ದೇವನಾಗರಿಯಲ್ಲಿ. ಇಲ್ಲಿನ ಕೊಂಕಣಿಗರು ಬರೆಯುವುದು ಕನ್ನಡ ಲಿಪಿಯಲ್ಲಿ. ಪಕ್ಕದ ಅಂಗಡಿಯ ಕಾಮತರಿಗೆ ತೋರಿಸಿದರೆ, “ಇದು ಗೋವೆಯವರದ್ದು, ನಮ್ಮದಲ್ಲ” ಎಂದು ವಾಪಸ್ ಕೊಟ್ಟರು.

ಈಗ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆಫೀಸಿನ ಮಲಯಾಳ ಶಬ್ದ, ಎದುರಿಗೆ ನಮ್ಮಲ್ಲಿ ಹೇಳುವ ಮಾತು. ಕಾಗದ ಬಂದರೆ ಮೊದಲು ಆ ಶಬ್ದಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತೇನೆ. ಟೈಪ್ ಮಾಡುವಾಗ ಅವುಗಳ ಜಾಗದಲ್ಲಿ ಎಕ್ಸ್1, ಎಕ್ಸ್2 ಎಂದು ಹಾಕಿ, ಕನ್ನಡ ಬಂದ ಮೇಲೆ ನೋಟ್‌ಬುಕ್ ನೋಡಿ ತುಂಬುತ್ತೇನೆ. ಹತ್ತರಲ್ಲಿ ಒಂದೆರಡು ಸಲ ಯಂತ್ರ ಆ ಎಕ್ಸನ್ನೇ ನುಂಗುತ್ತದೆ, ಆಗ ಕೈಯಲ್ಲೇ ಮಾಡುವುದು. ನಿನ್ನೆಗೆ 73 ಶಬ್ದ ಆಯಿತು. ಕೊನೆಗೆ ಸೇರಿದ್ದು ‘ತಂಡಪ್ಪೇರ್’. ವಿಲೇಜ್ ಆಫೀಸಿನ ಲೆಕ್ಕದಲ್ಲಿ ಜಾಗದವರಿಗೆ ಕೊಡುವ ನಂಬರು. ಯಂತ್ರ ಅದನ್ನು ‘ದಂಟಿನ ಹೆಸರು’ ಎಂದಿತ್ತು. ಬರೆಸಿದ್ದು ಅದೇ ಆಧಾರದ ಅಕ್ಕ. ಈ ಸಲ ಅವರು ಪರದೆಯ ಕಡೆ ನೋಡಲೇ ಇಲ್ಲ. ಕಾಗದವನ್ನು ನೋಟ್‌ಬುಕ್ಕಿನ ಮೇಲೆ ಇಟ್ಟು, “ಇದರಲ್ಲಿ ಉಂಟಾ ನೋಡಿ ಅಣ್ಣಾ” ಎಂದರು.